ಯಾರ ಮನೆಗೆ ಎಷ್ಟು ತೂಕ?

ತಕ್ಕಡಿಯ ಬಟ್ಟಿನ ಮೇಲೆ ಸರ್ಕಾರದ ಮುದ್ರೆ ಇಲ್ಲದಿದ್ದರೆ ಚಿಲ್ಲರೆ ವ್ಯಾಪಾರಿಗೆ ದಂಡ ಬೀಳುತ್ತದೆ. ಅದು ನ್ಯಾಯವೇ. ಕಳ್ಳ ತೂಕ ಬಡವನ ಹೊಟ್ಟೆಯ ಮೇಲೆ ಹೊಡೆಯುತ್ತದೆ. ಆದರೆ ಇಡೀ ದೇಶದ ಕಾಯಿಲೆಯನ್ನೂ ಹಸಿವನ್ನೂ ತೂಗುವ ತಕ್ಕಡಿಯೊಂದಿದೆ. ಅದರಲ್ಲಿ ಕಂಡ ತೂಕ ತಮಗೆ ಹಿಡಿಸದಾಗ ತಕ್ಕಡಿಯೇ ಕೆಟ್ಟಿದೆ ಎನ್ನುವ ದೊಡ್ಡವರು ದೆಹಲಿಯಲ್ಲಿದ್ದಾರೆ. ಅವರಿಗೆ ದಂಡ ಹಾಕುವವರು ಯಾರು?

ನಾವು ಹೇಳುತ್ತಿರುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮಾತು. ಅದರ ಐದನೆಯ ಸುತ್ತು 2019ರ ಜೂನ್‌ನಿಂದ 2021ರ ಏಪ್ರಿಲ್‌ವರೆಗೆ ನಡೆಯಿತು. 707 ಜಿಲ್ಲೆಗಳಲ್ಲಿ 6,36,699 ಮನೆಗಳ ಬಾಗಿಲು ತಟ್ಟಿದರು. ಕಂಡುಬಂದುದೇನು? 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67. ನೂರಕ್ಕೆ 19 ಮನೆಗಳವರು ಬಯಲಿಗೇ ಹೋಗುತ್ತಾರೆ. ಗ್ರಾಮೀಣ ಭಾರತ ಬಯಲು ಶೌಚದಿಂದ ಮುಕ್ತವಾಯಿತೆಂದು 2019ರ ಅಕ್ಟೋಬರ್ 2ರಂದು ಪ್ರಧಾನಿಗಳು ಸಾರಿದ್ದರು! ಸಾರಿದ ಮಾತಿಗೂ ಎಣಿಸಿದ ಅಂಕಿಗೂ ತಾಳೆಯಾಗಲಿಲ್ಲ. ಆಗ ಶುರುವಾಯಿತು ತಕ್ಕಡಿಯ ಮೇಲೆ ದಾಳಿ.

ದಾಳಿಯ ಮರ್ಮ ತಿಳಿಯಬೇಕಾದರೆ ಈ ಸಮೀಕ್ಷೆಯಲ್ಲಿ ‘ತೂಕ’ ಎಂದರೇನೆಂದು ತಿಳಿಯಬೇಕು. ಪಂಡಿತರು ಇದನ್ನು ಬ್ರಹ್ಮವಿದ್ಯೆಯಂತೆ ಮುಚ್ಚಿಡುತ್ತಾರೆ. ವಾಸ್ತವವಾಗಿ ಇದು ಅಂಗಡಿಯ ಲೆಕ್ಕಕ್ಕಿಂತ ಕಠಿಣವಲ್ಲ.

ಒಂದು ಊರನ್ನು ಊಹಿಸಿಕೊಳ್ಳಿ. ಗಿರಣಿ ಕೂಲಿಕಾರರ ಕೇರಿಯಲ್ಲಿ 6,000 ಮನೆ; ಸಾಹುಕಾರರ ಬಡಾವಣೆಯಲ್ಲಿ 1,000. ಎರಡರಲ್ಲೂ ಚೀಟಿ ಎತ್ತಿ 20-20 ಮನೆ ಆರಿಸುತ್ತಾರೆ. ಕೂಲಿಕಾರರ 20ರಲ್ಲಿ 12 ಮನೆಗಳಲ್ಲಿ ರಕ್ತಹೀನತೆ ಇದೆ, ಸಾಹುಕಾರರ 20ರಲ್ಲಿ 4ರಲ್ಲಿ. ಸುಮ್ಮನೆ ಕೂಡಿಸಿದರೆ 40ಕ್ಕೆ 16, ಅಂದರೆ ನೂರಕ್ಕೆ 40. ಈ ಲೆಕ್ಕ ಸುಳ್ಳು. ಕೂಲಿಕಾರನ ಒಂದು ಮನೆ ನಿಂತಿರುವುದು 300 ಮನೆಗಳ ಪರವಾಗಿ. ಸಾಹುಕಾರನ ಒಂದು ಮನೆ ಕೇವಲ 50ರ ಪರವಾಗಿ. ಈ 300, ಈ 50 ಇವೇ ತೂಕ. ತೂಕ ಹಾಕಿ ಎಣಿಸಿದರೆ 7,000ಕ್ಕೆ 3,800 ಮನೆ, ಅಂದರೆ ನೂರಕ್ಕೆ 54. ತೂಕ ಬಿಟ್ಟವನು ನೂರಕ್ಕೆ 14 ಮನೆಗಳ ಕಾಯಿಲೆಯನ್ನು ಕಾಗದದ ಮೇಲೆಯೇ ವಾಸಿಮಾಡಿಬಿಡುತ್ತಾನೆ!

ದೇಶದ ಸಮೀಕ್ಷೆಯಲ್ಲೂ ನಡೆಯುವುದು ಇದೇ. ಪ್ರತಿ ಜಿಲ್ಲೆಯ ಅಂಕಿಯೂ ಬೇಕಾದ್ದರಿಂದ ಜಿಲ್ಲೆಗೆ ಸರಾಸರಿ 900 ಮನೆ ಆರಿಸಿದರು. 2011ರ ಜನಗಣತಿಯಂತೆ ಕೊಡಗಿನಲ್ಲಿ ಐದೂವರೆ ಲಕ್ಷ ಜನ, ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ. ಎರಡು ಕಡೆಯ ಮನೆಗಳಿಗೂ ಒಂದೇ ತೂಕ ಕೊಟ್ಟರೆ ರಾಜ್ಯದ ಲೆಕ್ಕ ತಲೆಕೆಳಗಾಗದೆ ಇರುತ್ತದೆಯೇ? ಮನೆಯೊಳಗಿನ ಹಿಂಸೆಯ ವಿಷಯ ಕೇಳುವಾಗ ಒಂದು ಮನೆಯಲ್ಲಿ ಒಬ್ಬ ಹೆಂಗಸನ್ನೇ ಕೇಳುತ್ತಾರೆ. ಮೂವರು ಹೆಂಗಸರಿರುವ ಮನೆಯಲ್ಲಿ ಆಕೆ ಮೂವರ ಪರವಾಗಿ ಮಾತಾಡುತ್ತಾಳೆ; ಆದ್ದರಿಂದ ಆಕೆಯ ಮಾತಿಗೆ ಮೂರುಪಟ್ಟು ತೂಕ.

ಈಗ ದಾಳಿಕಾರರ ವಾದ ನೋಡೋಣ. 2023ರಲ್ಲಿ ಪ್ರಧಾನಿಗಳ ಆರ್ಥಿಕ ಸಲಹಾ ಮಂಡಳಿಯ ಸದಸ್ಯರೊಬ್ಬರು ಪತ್ರಿಕೆಯಲ್ಲಿ ಬರೆದರು: ಈ ಸಮೀಕ್ಷೆಗಳು ಹಳೆಯ ಜನಗಣತಿಯ ಪಟ್ಟಿಯಿಂದ ಹಳ್ಳಿಗಳನ್ನು ಆರಿಸುತ್ತವೆ, ದೇಶ ಪಟ್ಟಣವಾಗುತ್ತಿದೆ, ಹಳ್ಳಿಯ ಪಾಲು ಹೆಚ್ಚಾಗಿ ಸೇರಿ ದೇಶ ಇರುವುದಕ್ಕಿಂತ ಬಡದಾಗಿ ಕಾಣುತ್ತದೆ, ಎಂದು.

ಪಟ್ಟಿ ಹಳೆಯದು ನಿಜ. ಹಳೆಯದಾಗಲು ಬಿಟ್ಟವರು ಯಾರು? 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದ ಜನಗಣತಿ 2021ರಲ್ಲಿ ತಪ್ಪಿತು. ಮಹಾಯುದ್ಧದ ನಡುವೆ 1941ರಲ್ಲಿ ಬ್ರಿಟಿಷರು ಕೂಡ ಗಣತಿಯನ್ನು ಪೂರ್ತಿ ಕೈಬಿಟ್ಟಿರಲಿಲ್ಲ. ನಮ್ಮವರು ಕೋವಿಡ್ ಹೆಸರು ಹೇಳಿ ಮುಂದೂಡಿದರು. ಕೋವಿಡ್ ಇಳಿದು ಚುನಾವಣೆಗಳೆಲ್ಲ ನಡೆದ ಮೇಲೂ ಮುಂದೂಡಿದರು. ಕೊನೆಗೆ 2025ರ ಜೂನ್‌ನಲ್ಲಿ, 2027ರ ಮಾರ್ಚ್ 1ರ ಲೆಕ್ಕವೆಂದು ಪ್ರಕಟಣೆ ಹೊರಡಿಸಿದರು. ಬಟ್ಟನ್ನು ಸವೆಯಲು ಬಿಟ್ಟವರೇ ಬಟ್ಟು ಸವೆದಿದೆಯೆಂದು ದೂರುತ್ತಾರೆ!

ಇನ್ನೊಂದು ಸಂಗತಿಯನ್ನು ಅವರು ಹೇಳುವುದಿಲ್ಲ. ಹಳೆಯ ಪಟ್ಟಿಯಿಂದ ಆರಿಸುವುದು ಊರನ್ನು ಮಾತ್ರ. ಊರು ಆರಿಸಿದ ಮೇಲೆ ಸಮೀಕ್ಷೆಯವರು ಅಲ್ಲಿಗೆ ಹೋಗಿ ಮನೆಗಳ ಪಟ್ಟಿಯನ್ನು ಹೊಸದಾಗಿ ಬರೆಯುತ್ತಾರೆ; ಅದರಿಂದ 22 ಮನೆ ಆರಿಸುತ್ತಾರೆ. ಹಳೆಯ ಲೆಕ್ಕದಲ್ಲಿ 200 ಮನೆಯಿದ್ದ ಹಳ್ಳಿ 600 ಮನೆಗೆ ಬೆಳೆದಿದ್ದರೆ ಅಲ್ಲಿನ ಒಂದೊಂದು ಮನೆಯ ತೂಕವೂ ಮೂರುಪಟ್ಟಾಗುತ್ತದೆ. ಬೆಳವಣಿಗೆ ತೂಕದೊಳಗೆ ತಾನಾಗಿ ಸೇರುತ್ತದೆ. ಹಳೆಯದಾಗಿ ಉಳಿಯುವುದು ‘ಗ್ರಾಮ’ ಎಂಬ ಚೀಟಿ. ಅದರಿಂದ ಹಳ್ಳಿಯ ಅಂಕಿಗೂ ಪಟ್ಟಣದ ಅಂಕಿಗೂ ನಡುವೆ ಗಡಿ ಮಸುಕಾಗಬಹುದು. ಅದನ್ನು ಬಹಿರಂಗವಾಗಿ ತಿದ್ದಲಿ, ಮೊದಲ ಲೆಕ್ಕ ತಿದ್ದಿದ ಲೆಕ್ಕ ಎರಡನ್ನೂ ಅಚ್ಚು ಹಾಕಲಿ. ಸಮೀಕ್ಷೆಯನ್ನೇ ಕಸದ ಬುಟ್ಟಿಗೆ ಹಾಕಲು ಇದು ಕಾರಣವಲ್ಲ, ನೆಪ.

ನೆಪ ಎಂದು ನಾವು ಸುಮ್ಮನೆ ಹೇಳುತ್ತಿಲ್ಲ; ಹಿಂದಿನ ನಡತೆ ಸಾಕ್ಷಿಯಿದೆ. ನಿರುದ್ಯೋಗ ನೂರಕ್ಕೆ 6.1 ಎಂದ ವರದಿಯನ್ನು ಲೋಕಸಭಾ ಚುನಾವಣೆ ಮುಗಿಯುವವರೆಗೆ ಬಚ್ಚಿಟ್ಟು 2019ರ ಮೇ ಕೊನೆಯಲ್ಲಿ ಹೊರಬಿಟ್ಟರು. ಆ ಜನವರಿಯಲ್ಲೇ ರಾಷ್ಟ್ರೀಯ ಸಂಖ್ಯಾಶಾಸ್ತ್ರ ಆಯೋಗದ ಇಬ್ಬರು ರಾಜೀನಾಮೆ ಕೊಟ್ಟು ಹೊರನಡೆದಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ, ಜನ ಎಷ್ಟು ಖರ್ಚು ಮಾಡುತ್ತಾರೆಂಬ 2017-18ರ ಸಮೀಕ್ಷೆಯನ್ನು ಗುಣಮಟ್ಟ ಸಾಲದೆಂದು ಬಿಡುಗಡೆ ಮಾಡದೆ ತಡೆದರು.

ಹಾಗೆಂದು ಸಮೀಕ್ಷೆಯ ತೂಕದಲ್ಲಿ ದೋಷವೇ ಇಲ್ಲವೆಂದು ನಾವು ವಾದಿಸುವುದಿಲ್ಲ. ದೋಷವಿದೆ, ಅದು ಈ ಮಹನೀಯರು ತೋರಿಸುವ ಕಡೆ ಇಲ್ಲ, ದುಡಿಯುವವನ ಕಡೆ ಇದೆ.

ಐದನೆಯ ಸಮೀಕ್ಷೆಯಲ್ಲಿ ಆರಿಸಿದ ಹೆಂಗಸರಲ್ಲಿ ನೂರಕ್ಕೆ 97 ಮಂದಿ ಉತ್ತರ ಕೊಟ್ಟರು, ಗಂಡಸರಲ್ಲಿ ನೂರಕ್ಕೆ 92. ಸಿಗದವರ ತೂಕವನ್ನು ಸಿಕ್ಕವರ ಹೆಗಲಿಗೆ ಹಂಚುವುದು ವಾಡಿಕೆ. ನಮ್ಮ ಉದಾಹರಣೆಯ ಕೇರಿಯಲ್ಲಿ 20ರಲ್ಲಿ 5 ಮನೆಗೆ ಬೀಗವಿದ್ದರೆ, ತೆರೆದ 15 ಮನೆಗಳ ತೂಕ 300ರಿಂದ 400ಕ್ಕೆ ಏರುತ್ತದೆ. ಬೀಗ ಹಾಕಿದವನೂ ಬಾಗಿಲು ತೆರೆದವನಂತೆಯೇ ಇದ್ದಾನೆಂದು ಇಲ್ಲಿ ನಂಬಿಕೆ. ಇದು ನಿಜವೇ? ಗಂಡಹೆಂಡಿರಿಬ್ಬರೂ ಪಾಳಿಗೆ ಹೋದ ಮನೆಗೂ ಹಗಲು ಮನೆಯಲ್ಲಿ ಜನವಿರುವ ಮನೆಗೂ ಆರೋಗ್ಯ ಒಂದೇ ಏನು? ರಾತ್ರಿ ಪಾಳಿಯವನ ಎದೆಯೊಳಗಿನ ಹತ್ತಿಯ ಧೂಳನ್ನು ನೆರೆಮನೆಯವನು ಕೆಮ್ಮಿ ತೋರಿಸಬಲ್ಲನೇ?

ಇದಕ್ಕಿಂತ ದೊಡ್ಡ ದೋಷ ಮತ್ತೊಂದು. ತೂಕ ಹಾಕುವುದು ಪಟ್ಟಿಯಲ್ಲಿ ಇದ್ದವನಿಗೆ. ಮನೆಯೇ ಇಲ್ಲದವನಿಗೆ ಮನೆಮನೆ ಸಮೀಕ್ಷೆಯಲ್ಲಿ ಜಾಗವೆಲ್ಲಿ? 2011ರ ಜನಗಣತಿಯೇ 17 ಲಕ್ಷಕ್ಕೂ ಮಿಕ್ಕಿ ನಿರ್ವಸತಿಗರನ್ನು ಎಣಿಸಿತ್ತು. ಪಾದಚಾರಿ ಹಾದಿಯಲ್ಲಿ ಮಲಗುವ ಹಮಾಲಿಯ ತೂಕ ಸೊನ್ನೆ. ಸೊನ್ನೆಯನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ ಸೊನ್ನೆಯೇ. ಅಮೆರಿಕದಲ್ಲಿ 1936ರಲ್ಲಿ ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಟೆಲಿಫೋನು, ಕಾರು ಉಳ್ಳವರ ಪಟ್ಟಿ ಹಿಡಿದು ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿ, ರೂಸ್‌ವೆಲ್ಟ್ ಸೋಲುತ್ತಾರೆಂದು ಸಾರಿತು. ಅವರು 48 ರಾಜ್ಯಗಳಲ್ಲಿ 46ನ್ನು ಗೆದ್ದರು. ಟೆಲಿಫೋನಿಲ್ಲದ ಬಡವರು ಪತ್ರಿಕೆಯ ಪಟ್ಟಿಯಲ್ಲಿ ಇರಲಿಲ್ಲ, ಮತಗಟ್ಟೆಯಲ್ಲಿ ಇದ್ದರು.

ಅಂಕಿಯ ಜಗಳ ನಮಗೇಕೆ ಎನ್ನಬೇಡಿ. ರಕ್ತಹೀನ ಮಕ್ಕಳ ಅಂಕಿ ಕಾಗದದಲ್ಲಿ ಇಳಿದರೆ ಅಂಗನವಾಡಿಯ ಮೊಟ್ಟೆಗೆ, ಆಸ್ಪತ್ರೆಯ ಔಷಧಿಗೆ ಕತ್ತರಿ ಹಾಕಲು ದಾರಿಯಾಗುತ್ತದೆ. ಆ ಖರ್ಚು ಕೂಲಿಕಾರನ ಸಂಬಳದ ಮೇಲೆ ಬೀಳುತ್ತದೆ. ಸಂಬಳ ಔಷಧಿಗೆ ಹೋದ ತಿಂಗಳು ಚಿಲ್ಲರೆ ಅಂಗಡಿಯ ಸಾಲದ ಪುಸ್ತಕ ಉದ್ದವಾಗುತ್ತದೆ.

ಆದ್ದರಿಂದ ನಮ್ಮ ಒತ್ತಾಯ ಇವು: ಜನಗಣತಿಯನ್ನು ಇನ್ನೊಂದು ದಿನವೂ ಮುಂದೂಡಕೂಡದು. ಸಮೀಕ್ಷೆಯವರು ಪಾಳಿ ಮುಗಿದ ಹೊತ್ತಿಗೂ ವಾರದ ರಜೆಯ ದಿನವೂ ಕೂಲಿಕಾರರ ಕೇರಿಗೆ ಬರಬೇಕು. ಮನೆಯಿಲ್ಲದವರನ್ನು ಬೇರೆಯಾಗಿ ಎಣಿಸಿ ಲೆಕ್ಕಕ್ಕೆ ಸೇರಿಸಬೇಕು. ಯಾವ ಮನೆಗೆ ಯಾವ ತೂಕ, ಏಕೆ ಎಂಬುದನ್ನು ಅಂಕಿಗಳ ಜೊತೆಯಲ್ಲೇ ಜನರ ಭಾಷೆಯಲ್ಲಿ ಪ್ರಕಟಿಸಬೇಕು. ಸಂಖ್ಯಾಶಾಸ್ತ್ರದ ಇಲಾಖೆ ಮಂತ್ರಿಗಳಿಗಲ್ಲ, ಲೋಕಸಭೆಗೆ ಉತ್ತರ ಹೇಳಬೇಕು.

ಸಮೀಕ್ಷೆಯವರು ನಿಮ್ಮ ಬಾಗಿಲಿಗೆ ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ಇದ್ದುದನ್ನು ಇದ್ದ ಹಾಗೆ ಹೇಳಿ. ನೀವು ನಿಮ್ಮೊಬ್ಬರ ಮಾತಾಡುತ್ತಿಲ್ಲ. ನಿಮ್ಮಂಥ ನೂರಾರು ಮನೆಗಳ ಭಾರ ನಿಮ್ಮ ಮಾತಿನ ಮೇಲಿದೆ.