ಸೆಪ್ಟಿಕ್ ಟ್ಯಾಂಕಿನ ಪುಡಿ: ಮಾರುವವರೂ ಕೊಳ್ಳುವವರೂ ಯೋಚಿಸಬೇಕಾದದ್ದು

ಹಾಸನ ತಾಲ್ಲೂಕಿನ ದುದ್ದದಂತಹ ಹೋಬಳಿ ಕೇಂದ್ರಗಳಲ್ಲಿ ಮನೆ, ಮಳಿಗೆ, ಹೋಟೆಲು, ಕಲ್ಯಾಣ ಮಂಟಪ ಯಾವುದೇ ಇರಲಿ, ಶೌಚಾಲಯದ ನೀರಿಗೆ ಸೆಪ್ಟಿಕ್ ಟ್ಯಾಂಕು ಇಲ್ಲವೆ ಸಿಮೆಂಟ್ ರಿಂಗಿನ ಗುಂಡಿಯೇ ಆಧಾರ. ಆದ್ದರಿಂದಲೇ ಬ್ಯಾಕ್ಟೀರಿಯಾ ಪುಡಿ, ಎನ್‌ಝೈಮ್ ದ್ರಾವಣ ಮೊದಲಾದ ಹೆಸರಿನ ಪೊಟ್ಟಣ, ಬಾಟಲಿಗಳಿಗೆ ಗಿರಾಕಿಗಳು ದೊರೆಯುತ್ತಾರೆ. ತಿಂಗಳಿಗೊಮ್ಮೆ ಸುರಿದರೆ ಟ್ಯಾಂಕನ್ನು ಖಾಲಿ ಮಾಡಿಸುವ ತೊಂದರೆಯೇ ಇಲ್ಲ ಎಂಬ ಭರವಸೆ ಅವುಗಳ ಮಾರಾಟದ ಬಂಡವಾಳ. ಈ ಭರವಸೆ ನಿಲ್ಲುವಂಥದ್ದಲ್ಲ. ಅದನ್ನು ಗಿರಾಕಿಗೆ ದಾಟಿಸುವ ವರ್ತಕರು ಈ ವಿಷಯವನ್ನು ಅರಿತಿರುವುದು ಅವಶ್ಯಕ.

ಟ್ಯಾಂಕಿನ ಕಾರ್ಯವಿಧಾನ ಸರಳವಾದುದು. ಭಾರವಾದ ಪದಾರ್ಥ ತಳಕ್ಕಿಳಿದು ಹೂಳಾಗುತ್ತದೆ. ಎಣ್ಣೆ, ಜಿಡ್ಡು ಮೇಲೆ ತೇಲಿ ಕೆನೆಗಟ್ಟುತ್ತದೆ. ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತದೆ. ಗಾಳಿಯ ಹಂಗಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಹೂಳನ್ನು ಕೊಳೆಯಿಸಿ ತಗ್ಗಿಸುತ್ತವೆ. ಇವನ್ನು ಹಣ ಕೊಟ್ಟು ತರಬೇಕಾಗಿಲ್ಲ. ಮನುಷ್ಯನ ಕರುಳಿನಿಂದಲೇ ಅವು ಪ್ರತಿದಿನ ಕೋಟ್ಯಂತರ ಸಂಖ್ಯೆಯಲ್ಲಿ ಬಂದು ಸೇರುತ್ತವೆ. ಆದರೆ ಅವು ಹೂಳನ್ನು ಕಡಿಮೆ ಮಾಡುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ. ಮರಳು, ಬೂದಿ, ಪ್ಲಾಸ್ಟಿಕ್ಕನ್ನು ಯಾವ ಪೊಟ್ಟಣದ ಬ್ಯಾಕ್ಟೀರಿಯಾವೂ ಅರಗಿಸಿಕೊಳ್ಳದು. ಕೆರೆಯ ಹೂಳನ್ನು ಎತ್ತಿಯೇ ತೆಗೆಯಬೇಕೆಂಬುದನ್ನು ಈ ಸೀಮೆಯ ಜನರಿಗೆ ಹೇಳಿಕೊಡಬೇಕಾಗಿಲ್ಲ. ಟ್ಯಾಂಕಿನ ಹೂಳೂ ಹಾಗೆಯೇ.

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಮೂರು ಬಗೆಯ ಜೈವಿಕ ಪುಡಿಗಳನ್ನು ಬಳಕೆಯಲ್ಲಿದ್ದ 48 ಟ್ಯಾಂಕುಗಳಲ್ಲಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂತಹ ಪ್ರಯೋಜನವೇನೂ ಕಂಡುಬರಲಿಲ್ಲ. ಆಮ್ಲ, ಕಾಸ್ಟಿಕ್ ಸೋಡಾದಂತಹ ರಾಸಾಯನಿಕಗಳದ್ದು ಇನ್ನೂ ಕೆಟ್ಟ ಕಥೆ: ಅವು ಇರುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತವೆ, ಕದಡಿದ ಜಿಡ್ಡನ್ನು ಇಂಗುಗುಂಡಿಗೆ ಸಾಗಿಸಿ ಮಣ್ಣಿನ ರಂಧ್ರಗಳನ್ನು ಮುಚ್ಚಿಸುತ್ತವೆ. ಕುತೂಹಲದ ಸಂಗತಿಯೆಂದರೆ, ಸೆಪ್ಟಿಕ್ ಟ್ಯಾಂಕುಗಳ ಕುರಿತಾದ ಭಾರತೀಯ ಮಾನಕ ಐಎಸ್ 2470 ಹೊಸ ಟ್ಯಾಂಕನ್ನು ಆರಂಭಿಸುವಾಗ ಹಳೆಯ ಟ್ಯಾಂಕಿನ ಹೂಳನ್ನೋ, ಅದು ಸಿಗದಿದ್ದರೆ ಕೊಳೆತ ಸಗಣಿಯನ್ನೋ ಸ್ವಲ್ಪ ಹಾಕಲು ಹೇಳುತ್ತದೆ. ಅದೂ ಆರಂಭದಲ್ಲಿ ಮಾತ್ರ. ಹಳ್ಳಿಯ ಗಾರೆ ಮೇಸ್ತ್ರಿಗಳು ಹೇಳುವ ಸಗಣಿ ನೀರಿನ ಉಪಾಯ ಅಷ್ಟೇನೂ ಹುರುಳಿಲ್ಲದ್ದಲ್ಲ, ದುಡ್ಡೂ ಬೇಡ. ಅದೇ ಮಾನಕದ ಪ್ರಕಾರ ಮನೆಯ ಚಿಕ್ಕ ಟ್ಯಾಂಕನ್ನು ಸುಮಾರು 2 ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು, ಬೀಜರೂಪವಾಗಿ ತಳದಲ್ಲಿ ಸ್ವಲ್ಪ ಹೂಳನ್ನು ಉಳಿಸಬೇಕು.

ಪುಡಿಗೆ ಕೊಡುವ ಹಣ ದೊಡ್ಡದಲ್ಲ. ಅದನ್ನು ನಂಬಿ ಕಳೆಯುವ ವರ್ಷಗಳೇ ದುಬಾರಿ. ಹತ್ತಾರು ವರ್ಷ ಮುಟ್ಟದೆ ಬಿಟ್ಟ ಟ್ಯಾಂಕಿನಲ್ಲಿ ಹೂಳು ಗಟ್ಟಿಯಾಗಿ ಸಕ್ಕಿಂಗ್ ಲಾರಿಯ ಪೈಪಿಗೆ ಸುಲಭವಾಗಿ ಬರುವುದಿಲ್ಲ. ಆಗ ಮಾಲೀಕನ ಕಣ್ಣು ಕೂಲಿಯಾಳಿನ ಕಡೆಗೆ ತಿರುಗುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ತುಂಬಿರುತ್ತದೆ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದು. ಇಳಿದವನು ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. 2013ರ ಕಾಯ್ದೆಯು ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಆಳನ್ನು ಇಳಿಸುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೇ 2 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಷೇಧ ಮನೆಯ ಮಾಲೀಕ, ಮಳಿಗೆಯ ಮಾಲೀಕ ಯಾರನ್ನೂ ಬಿಡುವುದಿಲ್ಲ. ಒಳಚರಂಡಿ ಸಾವುಗಳಿಗೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿದೆ. ಹೋದ ಜೀವಕ್ಕೆ ಅದು ಬೆಲೆಯಾಗಲಾರದು ಎಂಬುದು ಬೇರೆ ಮಾತು.

ವರ್ತಕ ಬಾಂಧವರು ಪುಡಿಯನ್ನು ಮಾರಲೇಬಾರದೆಂದಲ್ಲ. ಅದು ಲಾರಿಗೆ ಬದಲಿಯೆಂದು ಹೇಳಿ ಮಾರುವುದು ಸಲ್ಲದು. ಟ್ಯಾಂಕಿನ ಮುಚ್ಚಳದ ಮೇಲೆ ಟೈಲ್ಸ್ ಹಾಸಿ, ಬಳಿಕ ಬಾಯಿ ಎಲ್ಲಿದೆಯೆಂದು ಹುಡುಕುವ ಮನೆಗಳು ಕಡಿಮೆಯಿಲ್ಲ. ಸುಲಭವಾಗಿ ತೆರೆಯಬಹುದಾದ ಗಟ್ಟಿ ಮುಚ್ಚಳ, ಗಾಳಿ ಕೊಳವೆ, ಹೋಟೆಲುಗಳಿಗೆ ಜಿಡ್ಡು ತಡೆಯುವ ಚಿಕ್ಕ ತೊಟ್ಟಿ ಇವನ್ನು ತಯಾರಿಸುವುದು ಸಿಮೆಂಟ್ ರಿಂಗ್ ಮಾಡುವ ಸಣ್ಣ ಉದ್ದಿಮೆಗಳಿಗೆ ಅಸಾಧ್ಯವಲ್ಲ. ಪೇಟೆಯಿಂದ ಲಾರಿ ಬರುವ ಖರ್ಚು ಒಬ್ಬರಿಗೆ ಭಾರವಾದರೆ, ಒಂದೇ ಬೀದಿಯ ಅಂಗಡಿಯವರು ಒಂದೇ ದಿನ ಕರೆಯಿಸಿ ಹಂಚಿಕೊಳ್ಳಬಹುದು.

ಲಾರಿ ಎತ್ತಿದ ಹೂಳು ಎಲ್ಲಿಗೆ ಹೋಗುತ್ತದೆ ಎಂದು ಹಣ ತೆತ್ತವರು ಕೇಳಬೇಕು. ಹಳ್ಳಕ್ಕೋ ಕೆರೆಯಂಗಳಕ್ಕೋ ಸುರಿದರೆ ಅದು ಊರಿನ ನೀರಿಗೇ ಹಿಂತಿರುಗುತ್ತದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾದ ಮಲತ್ಯಾಜ್ಯ ಸಂಸ್ಕರಣಾ ಘಟಕವು ಇಂತಹ ಹೂಳನ್ನು ಶುದ್ಧೀಕರಿಸಿ, ಒಣಗಿಸಿ, ಗೊಬ್ಬರವಾಗಿಸುವುದು ಸಣ್ಣ ಪಟ್ಟಣಕ್ಕೂ ಸಾಧ್ಯವೆಂದು ತೋರಿಸಿದೆ. ಹೋಬಳಿಯ ವರ್ತಕರು ಪಂಚಾಯಿತಿಯ ಮುಂದೆ ಇಡಬಹುದಾದ ಬೇಡಿಕೆ ಇದು.