ಪ್ರೇಮಿಗಳ ದಿನವೂ ವರದಕ್ಷಿಣೆಯ ಲೆಕ್ಕವೂ

ಫೆಬ್ರವರಿ 14 ಸಮೀಪಿಸಿದೊಡನೆ ನಮ್ಮ ಪಟ್ಟಣಗಳಲ್ಲಿ ಎರಡು ಬಗೆಯ ಗದ್ದಲ ಏಳುವುದು ವಾಡಿಕೆಯಾಗಿಬಿಟ್ಟಿದೆ. ಒಂದು ಅಂಗಡಿಗಳದ್ದು, ಇನ್ನೊಂದು ಸಂಸ್ಕೃತಿ ರಕ್ಷಣೆಯ ಗುತ್ತಿಗೆ ಹಿಡಿದವರದ್ದು. ಇವುಗಳ ನಡುವೆ ನಮ್ಮ ಖುತ್ಬಾಗಳಲ್ಲೂ ಕರಪತ್ರಗಳಲ್ಲೂ ಈ ದಿನದ ವಿರುದ್ಧ ಎಚ್ಚರಿಕೆ ಕೇಳಿಬರುತ್ತದೆ. ಆ ಎಚ್ಚರಿಕೆ ತಪ್ಪೆಂದು ನಾವು ಹೇಳಲಾರೆವು. ವಿವಾಹದ ಹೊರಗಿನ ಸ್ವೇಚ್ಛಾಚಾರವನ್ನು ಇಸ್ಲಾಮ್ ಒಪ್ಪುವುದಿಲ್ಲ ಎಂಬುದರಲ್ಲಿ ಗೊಂದಲಕ್ಕೆ ಆಸ್ಪದವೇ ಇಲ್ಲ. ಆದರೆ ವಿರೋಧಿಸುವವರಿಗೆ ತಾವು ವಿರೋಧಿಸುತ್ತಿರುವುದು ಏನನ್ನು ಎಂಬ ಅರಿವು ಬೇಡವೇ?

ಈ ದಿನದ ಕುರಿತು ಪ್ರಚಲಿತವಾಗಿರುವ ಕತೆಗಳಲ್ಲಿ ಹೆಚ್ಚಿನವು ಆಧಾರವಿಲ್ಲದವು. ಮೂರನೆಯ ಶತಮಾನದ ರೋಮ್‌ನಲ್ಲಿ ಚಕ್ರವರ್ತಿ ಕ್ಲಾಡಿಯಸ್ ಸೈನಿಕರ ವಿವಾಹವನ್ನು ನಿಷೇಧಿಸಿದ, ಪಾದ್ರಿ ವ್ಯಾಲೆಂಟೈನ್ ಗುಟ್ಟಾಗಿ ಮದುವೆ ಮಾಡಿಸಿ ಪ್ರಾಣ ತೆತ್ತ ಎಂದು ಪತ್ರಿಕೆಗಳ ಪುರವಣಿಗಳು ಪ್ರತಿವರ್ಷ ಬರೆಯುತ್ತವೆ. ಆ ಕಾಲದ ಯಾವ ದಾಖಲೆಯಲ್ಲೂ ಇದಿಲ್ಲ. ಆ ಹೆಸರಿನ ಹುತಾತ್ಮರೇ ಒಬ್ಬರಿಗಿಂತ ಹೆಚ್ಚು. ಅವರ ಬಗ್ಗೆ ತಿಳಿದಿರುವುದು ಎಷ್ಟು ಅಲ್ಪವೆಂದರೆ, 1969ರಲ್ಲಿ ಕ್ಯಾಥೊಲಿಕ್ ಚರ್ಚೇ ಫೆಬ್ರವರಿ 14ರ ಸಂತ ವ್ಯಾಲೆಂಟೈನ್ ಸ್ಮರಣೆಯನ್ನು ತನ್ನ ಸಾರ್ವತ್ರಿಕ ಪಂಚಾಂಗದಿಂದ ಕೈಬಿಟ್ಟಿತು. ಇತ್ತ ನಮ್ಮವರ ಕರಪತ್ರಗಳು ಇದನ್ನು ಪ್ರಾಚೀನ ರೋಮನರ ಲುಪರ್ಕೇಲಿಯಾ ಹಬ್ಬದ ಮುಂದುವರಿಕೆಯೆಂದು ಸಾರುತ್ತವೆ. ಆ ಹಬ್ಬ ಫೆಬ್ರವರಿ 15ರಂದು ನಡೆಯುತ್ತಿದ್ದುದೂ, ಐದನೆಯ ಶತಮಾನದ ಕೊನೆಯಲ್ಲಿ ಪೋಪ್ ಗೆಲಾಸಿಯಸ್ ಅದನ್ನು ಖಂಡಿಸಿದುದೂ ನಿಜ. ಆದರೆ ಅಲ್ಲಿ ಹುಡುಗಿಯರ ಹೆಸರಿನ ಚೀಟಿ ಎತ್ತುತ್ತಿದ್ದರೆಂಬುದು ಬಹಳ ತಡವಾಗಿ ಹುಟ್ಟಿದ ಕತೆ. ಪ್ರೇಮಕ್ಕೂ ಈ ದಿನಕ್ಕೂ ನಂಟು ಬೆಸೆದವನು ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್. ಸಂತ ವ್ಯಾಲೆಂಟೈನನ ದಿನದಂದು ಹಕ್ಕಿಗಳು ತಮ್ಮ ಜೋಡಿಯನ್ನು ಆರಿಸಿಕೊಳ್ಳುತ್ತವೆ ಎಂದು ಅವನು ತನ್ನ ಕಾವ್ಯದಲ್ಲಿ ಕಲ್ಪಿಸಿದ. ಸತ್ಯವನ್ನು ಸಮರ್ಥಿಸಲು ಸುಳ್ಳಿನ ಊರುಗೋಲು ನಮಗೇಕೆ?

ಇದಕ್ಕಿಂತಲೂ ನಮ್ಮ ಗಮನ ಸೆಳೆದುದು ಒಂದು ಪತ್ರ. ಇಂಗ್ಲಿಷಿನಲ್ಲಿ ಇಂದಿಗೂ ಉಳಿದಿರುವ 'ವ್ಯಾಲೆಂಟೈನ್' ಪತ್ರಗಳಲ್ಲಿ ಅತಿ ಹಳೆಯದೆಂದು ಹೇಳಲಾಗುವ ಅದು 1477ರ ಫೆಬ್ರವರಿಯದ್ದು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಮಾರ್ಜರಿ ಬ್ರೂಸ್ ಎಂಬ ತರುಣಿ ತಾನು ವರಿಸಲು ಬಯಸಿದ್ದ ಜಾನ್ ಪಾಸ್ಟನ್‌ಗೆ ಬರೆಸಿದ್ದು. ಅವನನ್ನು ತನ್ನ ವ್ಯಾಲೆಂಟೈನ್ ಎಂದು ಆಕೆ ಅದರಲ್ಲಿ ಕರೆದಿದ್ದಾಳೆ. ಗುಲಾಬಿ, ಬೆಳದಿಂಗಳ ವರ್ಣನೆ ಅದರಲ್ಲಿದೆಯೆಂದು ಯಾರಾದರೂ ಊಹಿಸಿದರೆ ನಿರಾಶೆಯಾದೀತು. ಪತ್ರದ ತಿರುಳು ವರದಕ್ಷಿಣೆ. ಅಮ್ಮ ಅಪ್ಪನನ್ನು ಎಷ್ಟು ಒತ್ತಾಯಿಸಿದರೂ ಅವರು ಮೊತ್ತವನ್ನು ಏರಿಸಲು ಒಪ್ಪುತ್ತಿಲ್ಲ, ನಿಜವಾಗಿ ಪ್ರೀತಿಸುವವನಾದರೆ ಈ ಕಾರಣಕ್ಕೆ ನೀನು ನನ್ನನ್ನು ಕೈಬಿಡಲಾರೆ ಎಂಬುದು ಅದರ ಸಾರಾಂಶ. ಅದೇ ವರ್ಷ ಅವರ ವಿವಾಹ ನೆರವೇರಿತು. ಐದೂವರೆ ಶತಮಾನಗಳ ಹಿಂದಿನ ಈ ಪತ್ರದಲ್ಲಿ ಹೆಸರುಗಳನ್ನಷ್ಟೇ ಬದಲಿಸಿದರೆ, ನಮ್ಮ ಯಾವುದೇ ಪಟ್ಟಣದ ಮುಸ್ಲಿಮ್ ಹೆಣ್ಣುಮಗಳು ಇಂದು ಬರೆದ ಪತ್ರವೆಂದು ನಂಬಬಹುದು. ಒಂದು ವ್ಯತ್ಯಾಸವುಂಟು: ನಮ್ಮ ಹುಡುಗಿಗೆ ಹಾಗೆ ಬರೆಯುವ ಧೈರ್ಯವಿಲ್ಲ.

ಮುಂದಿನದು ವ್ಯಾಪಾರದ ಇತಿಹಾಸ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಬಂದ ಮೇಲೆ ಕಾರ್ಡ್‌ಗಳ ಮಾರಾಟ ಬೆಳೆಯಿತು. 1860ರ ದಶಕದಲ್ಲಿ ಕ್ಯಾಡ್ಬರಿಯವರ ಹೃದಯಾಕಾರದ ಚಾಕೊಲೇಟ್ ಪೆಟ್ಟಿಗೆ ಬಂತು. ನಮ್ಮ ದೇಶಕ್ಕೆ ಈ ಸರಕು ಭರ್ಜರಿಯಾಗಿ ಬಂದಿಳಿದದ್ದು 1991ರ ಉದಾರೀಕರಣದ ಬಳಿಕ, ಟಿವಿ ವಾಹಿನಿಗಳ ಬೆನ್ನೇರಿ.

ಸರಕು ಬಂದಲ್ಲಿಗೆ ರಾಜಕೀಯವೂ ಬಂತು. 2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದಕ್ಕೆ ನುಗ್ಗಿ ಯುವತಿಯರನ್ನು ಥಳಿಸಿದ ಪ್ರಕರಣದಿಂದ ಕುಖ್ಯಾತವಾದ ಶ್ರೀರಾಮ ಸೇನೆ, ಆ ವರ್ಷದ ಫೆಬ್ರವರಿ 14ರಂದು ಕಣ್ಣಿಗೆ ಬಿದ್ದ ಜೋಡಿಗಳಿಗೆ ಮದುವೆ ಮಾಡಿಸುವುದಾಗಿ ಬೆದರಿಸಿತು. ಆ ಹಲ್ಲೆಯ ದೃಶ್ಯಗಳನ್ನು ಇಡೀ ದೇಶ ಟಿವಿಯಲ್ಲಿ ಕಂಡಿತ್ತು. ಆದರೂ 2018ರಲ್ಲಿ ಆರೋಪಿಗಳು ಸಾಕ್ಷ್ಯಾಧಾರದ ಕೊರತೆಯಿಂದ ಖುಲಾಸೆಗೊಂಡರು. 2023ರಲ್ಲಂತೂ ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿಯು ಆ ದಿನವನ್ನು ಹಸು ಅಪ್ಪುವ ದಿನವಾಗಿ ಆಚರಿಸಲು ಕರೆಯಿತ್ತು, ನಗೆಪಾಟಲಿಗೀಡಾಗಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಇದನ್ನು ಕಂಡು ನಗುವವರು ನಮ್ಮಲ್ಲೂ ಇದ್ದಾರೆ. ಆದರೆ ಬಸ್ಸಿನಲ್ಲಿ ಅನ್ಯ ಸಮುದಾಯದ ಸಹಪಾಠಿಯೊಂದಿಗೆ ಮಾತಾಡಿದಳೆಂದು ನಮ್ಮ ಹುಡುಗಿಯನ್ನು ತಡೆದು ಜಾಲಾಡುವ, ಆಕೆಯ ವೀಡಿಯೊ ಹರಿಯಬಿಡುವ ಯುವಕರು ನಮ್ಮ ಮೊಹಲ್ಲಾಗಳಲ್ಲೂ ಇಲ್ಲವೇ? ಅವರಿಗೆ ಈ ಅಧಿಕಾರ ಕೊಟ್ಟವರು ಯಾರು?

ಪ್ರವಾದಿ(ಸ)ಯವರ ಮದೀನಾದಲ್ಲಿ ಮುಗೀಸ್ ಎಂಬ ದಾಸರಿದ್ದರು. ಅವರ ಪತ್ನಿ ಬರೀರಾ ದಾಸ್ಯದಿಂದ ಬಿಡುಗಡೆ ಹೊಂದಿದಾಗ ದಾಂಪತ್ಯವನ್ನು ಮುರಿದುಕೊಳ್ಳುವ ಹಕ್ಕು ಅವರಿಗೆ ದೊರೆಯಿತು, ಅವರು ಅದನ್ನು ಬಳಸಿಕೊಂಡರು. ಮುಗೀಸ್ ಗಡ್ಡ ತೊಯ್ಯುವಂತೆ ಅಳುತ್ತಾ ಬೀದಿಗಳಲ್ಲಿ ಅವರ ಹಿಂದೆ ಅಲೆದರು. ಆ ಪ್ರೇಮವನ್ನು ಪ್ರವಾದಿಯವರು(ಸ) ಗದರಲಿಲ್ಲ, ಲೇವಡಿ ಮಾಡಲೂ ಇಲ್ಲ. ಅವರ ಬಳಿಗೆ ಮರಳಬಾರದೇ ಎಂದು ಬರೀರಾರನ್ನು ಕೇಳಿದರು. ಇದು ನಿಮ್ಮ ಆಜ್ಞೆಯೇ ಎಂದು ಬರೀರಾ ವಿಚಾರಿಸಿದರು. ಅಲ್ಲ, ಬರಿಯ ಶಿಫಾರಸು ಎಂದರು ಪ್ರವಾದಿ(ಸ). ಹಾಗಾದರೆ ನನಗೆ ಆತನ ಅಗತ್ಯವಿಲ್ಲ ಎಂದುಬಿಟ್ಟರು ಬರೀರಾ. ಮಾತು ಅಲ್ಲಿಗೆ ಮುಗಿಯಿತು. ಬುಖಾರಿಯಲ್ಲಿ ವರದಿಯಾದ ಈ ಘಟನೆಯನ್ನು ನಮ್ಮ ಮಿಂಬರ್‌ಗಳಿಂದ ಎಷ್ಟು ಮಂದಿ ಕೇಳಿದ್ದಾರೆ? ನಿನ್ನೆಯವರೆಗೆ ದಾಸಿಯಾಗಿದ್ದ ಹೆಣ್ಣು ಸ್ವತಃ ಪ್ರವಾದಿ(ಸ)ಯವರ ಶಿಫಾರಸನ್ನು ನಿರಾಕರಿಸಬಹುದಾಗಿತ್ತು. ಬಿ.ಎ. ಓದಿದ ನಮ್ಮ ಮಗಳು ಸೋದರಮಾವ ತಂದ ಸಂಬಂಧವನ್ನು ಬೇಡವೆನ್ನುವಂತಿಲ್ಲ!

ಕನ್ಯೆಯ ಮೌನವೇ ಸಮ್ಮತಿ ಎಂಬ ಹದೀಸನ್ನು ಮಾತ್ರ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆಕೆಯ ಲಜ್ಜೆಯನ್ನು ಗೌರವಿಸಲು ಕೊಟ್ಟ ಆ ರಿಯಾಯಿತಿಯನ್ನು, ಸಭಾಂಗಣ ನಿಗದಿಯಾಗಿ ಕಾಗದ ಹಂಚಿಯಾದ ಬಳಿಕ ಭಯದಿಂದ ಬಾಯಿಕಟ್ಟಿದವಳ ಮೌನಕ್ಕೂ ಅನ್ವಯಿಸುತ್ತಿದ್ದೇವೆ. ವರನು ವಧುವಿಗೆ ಕೊಡಬೇಕಾದ ಮಹ್ರ್ ಶಾಸ್ತ್ರಕ್ಕಷ್ಟೇ ಸೀಮಿತವಾಗಿ, ವಧುವಿನ ತಂದೆ ಕೊಡುವ ಪವನ್, ನಗದು, ಕಾರುಗಳದ್ದೇ ಚರ್ಚೆಯಾಗುತ್ತದೆ. ಇದು ಶರೀಅತ್‌ಗೆ ವಿರುದ್ಧ, 1961ರ ವರದಕ್ಷಿಣೆ ನಿಷೇಧ ಕಾಯ್ದೆಗೂ ವಿರುದ್ಧ. ಹೀಗೆ ಚೌಕಾಶಿಯಿಂದ ಕೂಡಿಸಿದ ಮನೆಯಲ್ಲಿ ಪ್ರೀತಿ ಬತ್ತಿದರೆ, ಆ ಮನೆಯ ಮಕ್ಕಳು ಅದನ್ನು ಕಾರ್ಡಿನ ಅಂಗಡಿಯಲ್ಲೋ ಮೊಬೈಲ್‌ನಲ್ಲೋ ಹುಡುಕಿದರೆ, ದೋಷವನ್ನೆಲ್ಲ ಪಾಶ್ಚಾತ್ಯರ ತಲೆಗೆ ಕಟ್ಟಿ ನಾವು ನಿರಾಳರಾಗಬಹುದೇ?

ಜಮಾಅತ್‌ಗಳ ನಿಕಾಹ್ ದಫ್ತರಿನಲ್ಲಿ ಮಹ್ರ್‌ಗೆ ಒಂದು ಕಾಲಂ ಇದೆ. ವರನ ಕಡೆಯವರು ಪಡೆದುದನ್ನು ಬರೆಯಲು ಕಾಲಂ ಇಲ್ಲ. ಅದನ್ನೂ ಸೇರಿಸಿ ವರನ ಸಹಿ ಪಡೆಯಲಿ. ಮದುವೆಯ ಕಾಗದ ಅಚ್ಚಾಗುವ ಮೊದಲೇ ಜಮಾಅತ್‌ನ ಪರವಾಗಿ ಇಬ್ಬರು ಹಿರಿಯ ಮಹಿಳೆಯರು ವಧುವಿನ ಬಳಿ ಕುಳಿತು, ಆಕೆಯ ಒಪ್ಪಿಗೆಯನ್ನು ಆಕೆಯ ಬಾಯಿಂದಲೇ ಕೇಳಿ ಬರೆದುಕೊಳ್ಳಲಿ. ಇದಕ್ಕೆ ಹೊಸ ಕಾನೂನು ಬೇಡ, ಯಾವ ಸರಕಾರದ ಅಪ್ಪಣೆಯೂ ಬೇಡ. ಫೆಬ್ರವರಿಯ ಖುತ್ಬಾಗಳಲ್ಲಿ ಖತೀಬರು ಇದನ್ನು ಪ್ರಸ್ತಾಪಿಸಲಿ, ಮುಂದಿನ ಮಹಾಸಭೆಯಲ್ಲಿ ಸಮಿತಿಗಳು ನಿರ್ಣಯಿಸಲಿ.