ಚಿನ್ನದ ಹಲ್ಲಿ

ಮಕ್ಕಳೇ, ಹೋದ ಭಾನುವಾರ ಮೈಸೂರಿನ ನಮ್ಮ ಮನೆಯಲ್ಲಿ ದೊಡ್ಡ ಗಲಾಟೆ. ಮೊಮ್ಮಗಳ ಭುಜದ ಮೇಲೆ ಹಲ್ಲಿ ಬಿತ್ತು. ಅವಳು ಚೀರಿದಳು, ಹಲ್ಲಿ ಬಾಲ ಕಳಚಿಟ್ಟು ಓಡಿತು. ನಮ್ಮ ಮನೆಯಾಕೆ ಪಂಚಾಂಗ ತೆಗೆದು ಫಲ ನೋಡಿ, "ಹೋಗಿ ತಲೆಗೆ ಸ್ನಾನ ಮಾಡು. ಆಮೇಲೆ ತಾತನನ್ನು ಮುಟ್ಟು, ಅವರು ಕಂಚಿಯ ಹಲ್ಲಿ ಮುಟ್ಟಿ ಬಂದಿದ್ದಾರೆ" ಎಂದಳು.

ಕಂಚಿಯ ವರದರಾಜಸ್ವಾಮಿ ಗುಡಿಯ ಮೇಲ್ಛಾವಣಿಯಲ್ಲಿ ಬಂಗಾರ, ಬೆಳ್ಳಿಯ ಹಲ್ಲಿಗಳಿವೆ. ಅವನ್ನು ಮುಟ್ಟಿದವರಿಗೂ, ಅವರನ್ನು ಮುಟ್ಟಿದವರಿಗೂ ಹಲ್ಲಿ ಬಿದ್ದ ದೋಷ ತಟ್ಟದೆಂದು ನಂಬಿಕೆ.

ಮೊಮ್ಮಗಳು ನನ್ನ ಕೈ ಮುಟ್ಟಿ, "ತಾತ, ಜೀವ ಇರೋ ಚಿನ್ನದ ಹಲ್ಲಿ ಇದೆಯಾ?" ಎಂದಳು.

ಇದೆ! ತಿರುಪತಿ ಬೆಟ್ಟಗಳಲ್ಲೇ ಇದೆ. ತೆಲುಗಿನವರು 'ಬಂಗಾರು ಬಲ್ಲಿ' ಎನ್ನುತ್ತಾರೆ. ನಮ್ಮ ಹಲ್ಲಿ ಅವರಿಗೆ ಬಲ್ಲಿ, ತಮಿಳರಿಗೆ ಪಲ್ಲಿ. ಇದು ಮನೆಹಲ್ಲಿಗಿಂತ ದೊಡ್ಡದು. ಮರಿ ಮಾಡುವ ಕಾಲದಲ್ಲಿ ಗಂಡಿನ ಮೈ ಹೊಂಬಣ್ಣಕ್ಕೆ ತಿರುಗುತ್ತದೆ. ಹೆಣ್ಣು, ಮರಿಗಳು ಕಂದು ಬಣ್ಣ. ಬಂಡೆಯ ಮೇಲಿದ್ದರೆ ಗೊತ್ತೇ ಆಗುವುದಿಲ್ಲ. ಹಗಲೆಲ್ಲ ಬಂಡೆಯ ಸಂದಿಯಲ್ಲಿದ್ದು, ಕತ್ತಲಾದ ಮೇಲೆ ಹುಳು ಹಿಡಿಯಲು ಹೊರಡುತ್ತದೆ. ಹಲವು ಹೆಣ್ಣುಗಳು ಒಂದೇ ಬಂಡೆಗೆ ಮೊಟ್ಟೆ ಅಂಟಿಸುತ್ತವೆ. ಆ ಒಂದು ಬಂಡೆ ಒಡೆದರೆ ಎಷ್ಟು ಸಂಸಾರ ಹಾಳಾಗುತ್ತದೆ, ಯೋಚಿಸಿ!

ಮದರಾಸಿನ ಅರಣ್ಯಾಧಿಕಾರಿ ಬೆಡ್ಡೋಮ್ 1870ರಲ್ಲಿ ಈ ಹಲ್ಲಿಗೆ ವೈಜ್ಞಾನಿಕ ಹೆಸರಿಟ್ಟ. ಆಮೇಲೆ ಬಹುಕಾಲ ಅದರ ಸುದ್ದಿಯೇ ಇರಲಿಲ್ಲ. ವಿಜ್ಞಾನಿಗಳಿಗೆ ಅದು ಮತ್ತೆ ಸಿಕ್ಕಿದ್ದು 1980ರ ದಶಕದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿ, ಆನೆಗಳ ಜೊತೆ ಮೊದಲನೇ ಪಟ್ಟಿಯಲ್ಲೇ ಇದಕ್ಕೂ ಜಾಗ ಕೊಟ್ಟಿದ್ದಾರೆ.

ನಾನು ಎಷ್ಟೋ ಸಲ ತಿರುಮಲೆಯ ಮೆಟ್ಟಿಲು ಹತ್ತಿದ್ದೇನೆ. ಗೋವಿಂದನಾಮ ಹೇಳುತ್ತ, ಮೆಟ್ಟಿಲು ಎಣಿಸುತ್ತ ಹತ್ತಿದೆನೇ ಹೊರತು ಪಕ್ಕದ ಬಂಡೆಯ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಕಂಚಿಯಲ್ಲಿ ಲೋಹದ ಹಲ್ಲಿ ಮುಟ್ಟಲು ಸಾಲಿನಲ್ಲಿ ನಿಂತವನಿಗೆ ಜೀವಂತ ಚಿನ್ನ ಕಾಣದೇ ಹೋಯಿತು. ಈಗ ಮಂಡಿ ನೋವು, ಮೆಟ್ಟಿಲು ಹತ್ತಲಾರೆ.

ನೀವು ಹೋದಾಗ ನೋಡಿ. ಸಂದಿಗೆ ಕೈ ಹಾಕಬೇಡಿ, ಕಲ್ಲು ಎಸೆಯಬೇಡಿ, ದೂರದಿಂದಲೇ ನೋಡಿ. ಮನೆಯ ಹಲ್ಲಿಗೂ ಪೊರಕೆ ಎತ್ತಬೇಡಿ. ಅದರಲ್ಲಿ ವಿಷವಿಲ್ಲ. ಅದು ಸೊಳ್ಳೆ, ಹುಳು ತಿನ್ನುತ್ತದೆ. ಕಳೆದುಕೊಂಡ ಬಾಲ ಮತ್ತೆ ಬೆಳೆಯುತ್ತದೆ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿ ಮುಗಿಸುವಾಗ ಟ್ಯೂಬ್‌ಲೈಟಿನ ಹಿಂದಿನಿಂದ ಲೊಚ್ ಲೊಚ್ ಎಂದು ಕೇಳಿಸಿತು. ಅಜ್ಜಿ ನೆಲ ತಟ್ಟಿ, "ಕೃಷ್ಣ ಕೃಷ್ಣ! ನಿಮ್ಮ ಮಾತು ನಿಜವಂತೆ" ಎಂದಳು.